ಪಂದ್ಯದ ಟಿಕೆಟ್ ಬೇರೆಯವರ ಹೆಸರಿಗೆ ಮಾಡಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಟಿಕೆಟ್ ಇದೆ, ಆದರೆ ಹೋಗೋಕೆ ಆಗ್ತಿಲ್ಲ. ನಿಮ್ಮ ಬದಲು ಹೋಗಲು ಗೆಳೆಯನೋ ತಂಗಿಯೋ ತಯಾರಿದ್ದಾರೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಏನು ಹೇಳಿ? ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು. ಕಳಿಸಿದ ಮೇಲೆ ಕೆಲಸ ಮುಗೀತು ಅಂದುಕೊಳ್ಳುವುದು.

ಎಷ್ಟೋ ಪಂದ್ಯಗಳಲ್ಲಿ ಅದು ಮುಗಿದಿರುವುದಿಲ್ಲ. ಆಯೋಜಕರ ಲೆಕ್ಕದಲ್ಲಿ ಆ ಸೀಟು ಇನ್ನೂ ನಿಮ್ಮ ಹೆಸರಿನಲ್ಲೇ ಇದೆ. ಗೇಟಿನಲ್ಲಿ ಸ್ಕ್ಯಾನ್ ಮಾಡುವ ಯಂತ್ರ ಆ ಲೆಕ್ಕವನ್ನೇ ನೋಡುತ್ತದೆ. ಅಲ್ಲಿ ಬದಲಾವಣೆ ಆಗದೆ ಹೊರಗೆ ನೀವು ಏನೇ ಮಾಡಿದ್ದರೂ ಅದು ನಿಮ್ಮಿಬ್ಬರ ನಡುವಿನ ಮಾತು ಅಷ್ಟೇ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆಯೋಜಕರ ದಾಖಲೆಯಲ್ಲಿ ಈ ಸೀಟು ಈಗ ಯಾರದ್ದು?

ನಿಮ್ಮ ಟಿಕೆಟ್ ಯಾವ ಬಗೆಯದು?

ಇದನ್ನು ಗೊತ್ತು ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ದಾರಿ ಇದರ ಮೇಲೇ ನಿಂತಿದೆ.

ಹೆಸರಿಲ್ಲದ ಕಾಗದದ ಟಿಕೆಟ್ ಅಥವಾ ಪಿಡಿಎಫ್ ಅತಿ ಸುಲಭ. ಯಾರ ಕೈಯಲ್ಲಿದೆಯೋ ಅವರು ಒಳಗೆ ಹೋಗಬಹುದು. ಕಾಗದವಾದರೆ ಮೂಲ ಪ್ರತಿಯನ್ನೇ ಕೊಡಿ, ಪಿಡಿಎಫ್ ಆದರೆ ಇಡೀ ಫೈಲ್ ಕಳಿಸಿ. ಇಲ್ಲಿ ಅಪಾಯ ಒಂದೇ. ಅದೇ ಬಾರ್‌ಕೋಡ್ ಇನ್ನೊಬ್ಬರ ಹತ್ತಿರವೂ ಇದ್ದರೆ, ಮೊದಲು ಸ್ಕ್ಯಾನ್ ಮಾಡಿಸಿದವರು ಒಳಗೆ, ಆಮೇಲೆ ಬಂದವರು ಹೊರಗೆ. ಕಳಿಸಿದ ಮೇಲೆ ನಿಮ್ಮ ಫೋನಿನಲ್ಲಿರುವ ಪ್ರತಿಯನ್ನು ಅಳಿಸಿಬಿಡಿ.

ಎರಡನೆಯದು ಖಾತೆಗೆ ಅಂಟಿಕೊಂಡ ಮೊಬೈಲ್ ಟಿಕೆಟ್. ದೊಡ್ಡ ಕ್ರೀಡಾಂಗಣಗಳಲ್ಲಿ ಈಗ ಇದೇ ಜಾಸ್ತಿ. ಟಿಕೆಟ್ ಆ್ಯಪ್ ಒಳಗೇ ಇರುತ್ತದೆ. ಬಾರ್‌ಕೋಡ್ ಒಂದೇ ಥರ ಇರದೆ ಕೆಲವು ಸೆಕೆಂಡಿಗೊಮ್ಮೆ ಬದಲಾಗಬಹುದು. ಟಿಕೆಟ್‌ಮಾಸ್ಟರ್ ಕಂಪನಿಯ ಸೇಫ್‌ಟಿಕ್ಸ್ ಹೀಗೆ ಕೆಲಸ ಮಾಡುತ್ತದೆ. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ ತನ್ನ ದೊಡ್ಡ ಪಂದ್ಯಗಳ ಆ್ಯಪ್‌ನಲ್ಲಿ ಇನ್ನೊಂದು ಉಪಾಯ ಬಳಸಿದೆ. ಕ್ರೀಡಾಂಗಣದ ಹತ್ತಿರ ಹೋದಾಗ ಬ್ಲೂಟೂತ್ ಮೂಲಕವೇ ಕೋಡ್ ತೆರೆದುಕೊಳ್ಳುತ್ತದೆ. ಇಂಥ ಟಿಕೆಟ್‌ಗೆ ಸ್ಕ್ರೀನ್‌ಶಾಟ್ ಸುಮ್ನೆ ಒಂದು ಚಿತ್ರ, ಗೇಟಿನಲ್ಲಿ ಅದಕ್ಕೆ ಬೆಲೆ ಇಲ್ಲ.

ಮೂರನೆಯದು ಹೆಸರು ಅಚ್ಚಾದ ಟಿಕೆಟ್. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ಇಟಲಿಯ ಫುಟ್‌ಬಾಲ್ ಲೀಗ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರೀಡಾಂಗಣದ ಗಲಭೆಗಳನ್ನು ತಡೆಯಲು ಅಲ್ಲಿ 2005ರ ಹೊತ್ತಿಗೆ ಹೆಸರಿನ ಟಿಕೆಟ್ ಕಡ್ಡಾಯವಾಯಿತು. ಹೆಸರು ಬದಲಿಸಲು ಅಲ್ಲೇ ಒಂದು ವ್ಯವಸ್ಥೆಯೂ ಇದೆ, ಕಾಂಬಿಯೊ ನಾಮಿನಾಟಿವೊ ಅನ್ನುತ್ತಾರೆ. ಆದರೆ ಎಲ್ಲ ಟಿಕೆಟ್‌ಗೂ ಅದು ಸಿಗುವುದಿಲ್ಲ. ಕೆಲವು ಪಂದ್ಯಗಳಿಗೆ ಅದನ್ನು ಮುಚ್ಚಿಬಿಡುತ್ತಾರೆ.

ನಾಲ್ಕನೆಯದು ಯಾರಿಗೂ ಕೊಡಲಾಗದ ಟಿಕೆಟ್. ವಿಂಬಲ್ಡನ್‌ನಲ್ಲಿ ಲಾಟರಿಯಿಂದ ಸಿಗುವ ಟಿಕೆಟ್ ಇಂಥದ್ದು. ಹೆಸರು ಬಂದವರು ಹೋಗದಿದ್ದರೆ ಟಿಕೆಟ್ ವಾಪಸ್ ಕೊಡಬೇಕು, ಬೇರೆಯವರಿಗೆ ಕೊಡುವಂತಿಲ್ಲ.

ಓಟದ ಸ್ಪರ್ಧೆಯ ಬಿಬ್, ಅಂದರೆ ಓಟಗಾರರು ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿ, ಇವು ಯಾವುದಕ್ಕೂ ಸೇರುವುದಿಲ್ಲ. ಅದಕ್ಕೆ ಬೇರೆ ಜಾಗ ಕೊಟ್ಟಿದ್ದೇನೆ, ಮುಂದೆ ಬರುತ್ತದೆ.

ನಿಯಮ ಎಲ್ಲಿ ಹುಡುಕುವುದು

ಟಿಕೆಟ್ ಕೊಂಡಾಗ ಬಂದ ಖಚಿತತೆಯ ಮೇಲ್ ತೆರೆಯಿರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳ ಲಿಂಕ್ ಇರುತ್ತದೆ. ಪೂರ್ತಿ ಓದಬೇಕು ಅಂತೇನಿಲ್ಲ. ಪುಟದಲ್ಲಿ ಹುಡುಕುವ ಸೌಲಭ್ಯ ಬಳಸಿ ಟ್ರಾನ್ಸ್‌ಫರ್, ಅಸೈನ್, ಗೆಸ್ಟ್, ನೇಮ್ ಚೇಂಜ್, ರೀಸೇಲ್, ರಿಟರ್ನ್ ಎಂಬ ಪದಗಳನ್ನು ಹುಡುಕಿ. ಈ ಆರರಲ್ಲಿ ಯಾವುದಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕ ಜಾಗದ ಹಿಂದೆ ಮುಂದೆ ಎರಡು ಪ್ಯಾರಾ ನಿಧಾನವಾಗಿ ಓದಿ.

ಓದುವಾಗ ಇಷ್ಟನ್ನು ಗಮನಿಸಿ. ಕೊನೆಯ ದಿನಾಂಕ ಮತ್ತು ಸಮಯ ಯಾವುದು, ಅದು ಯಾವ ದೇಶದ ಸಮಯ? ಒಂದು ಟಿಕೆಟ್ ಎಷ್ಟು ಸಲ ಕೈ ಬದಲಾಯಿಸಬಹುದು? ಶುಲ್ಕ ಇದೆಯಾ? ಒಂದೇ ಆರ್ಡರ್‌ನಲ್ಲಿ ನಾಲ್ಕು ಟಿಕೆಟ್ ಇದ್ದರೆ ಒಂದನ್ನು ಮಾತ್ರ ಕೊಡಬಹುದಾ?

ಕೊನೆಯ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟೋ ಪಂದ್ಯಾವಳಿಗಳಲ್ಲಿ ಅತಿಥಿಗಳ ಟಿಕೆಟ್ ಬದಲಿಸಬಹುದು, ಆದರೆ ಆರ್ಡರ್ ಮಾಡಿದ ಮುಖ್ಯ ವ್ಯಕ್ತಿಯ ಸ್ವಂತ ಟಿಕೆಟ್ ಬದಲಿಸಲು ಬಿಡುವುದಿಲ್ಲ. ಮುಖ್ಯ ವ್ಯಕ್ತಿ ಬರಲೇಬೇಕು, ಅವರ ಜೊತೆಗೇ ಉಳಿದವರು ಒಳಗೆ ಹೋಗಬೇಕು ಎಂಬ ಷರತ್ತೂ ಇರುತ್ತದೆ. ಹೀಗಿದ್ದರೆ ಮೂವರು ಗೆಳೆಯರಿಗೆ ಟಿಕೆಟ್ ಕೊಟ್ಟು ನೀವು ಮನೆಯಲ್ಲಿ ಕೂತರೆ ನಾಲ್ಕೂ ಸೀಟು ಖಾಲಿ ಉಳಿಯಬಹುದು.

ರಿಯಾಯಿತಿ ಟಿಕೆಟ್ ಕಡೆಗೂ ಕಣ್ಣಿರಲಿ. ಮಕ್ಕಳ, ವಿದ್ಯಾರ್ಥಿಗಳ, ಹಿರಿಯರ ಅಥವಾ ಅಂಗವಿಕಲರ ದರದಲ್ಲಿ ಕೊಂಡಿದ್ದನ್ನು ಬೇರೆ ವಯಸ್ಸಿನವರು ಬಳಸಿದರೆ ಗೇಟಿನಲ್ಲೇ ತಡೆಯುತ್ತಾರೆ. ಕೆಲವು ಕಡೆ ವ್ಯತ್ಯಾಸದ ಹಣ ಕಟ್ಟಿ ಪೂರ್ತಿ ದರದ ಟಿಕೆಟ್ ಆಗಿ ಬದಲಿಸಿಕೊಡುತ್ತಾರೆ. ಅದನ್ನು ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಪಂದ್ಯ ಶುರುವಾಗುವ ಹೊತ್ತಿಗೆ ಕೌಂಟರ್ ಮುಂದೆ ಸಾಲು ಉದ್ದ ಇರುತ್ತದೆ.

ಆ್ಯಪ್ ಮೂಲಕ ವರ್ಗಾವಣೆ, ಹಂತ ಹಂತವಾಗಿ

ಗುಂಡಿಯ ಹೆಸರು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ.

1. ಟಿಕೆಟ್ ಪಡೆಯುವವರಿಗೆ ಮೊದಲು ಅದೇ ಆ್ಯಪ್ ಹಾಕಿಕೊಂಡು ಖಾತೆ ತೆರೆಯಲು ಹೇಳಿ. ಅವರು ಖಾತೆಗೆ ಕೊಟ್ಟ ಇಮೇಲ್ ಅಥವಾ ಫೋನ್ ನಂಬರ್ ಏನೆಂದು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಲ್ಲಿ ಕೇಳಿ ಬರೆದುಕೊಂಡ ಇಮೇಲ್‌ನಲ್ಲಿ ಒಂದು ಚುಕ್ಕಿ ತಪ್ಪಿದರೂ ಟಿಕೆಟ್ ಬೇರೆ ಯಾರಿಗೋ ಹೋಗುತ್ತದೆ.

2. ನಿಮ್ಮ ಆ್ಯಪ್ ಹೊಸ ಆವೃತ್ತಿಗೆ ತಂದುಕೊಂಡು ಲಾಗಿನ್ ಆಗಿ. ಟಿಕೆಟ್ ಕೊಂಡ ಖಾತೆಯಿಂದಲೇ ಲಾಗಿನ್ ಆಗಿದ್ದೀರಾ ನೋಡಿ. ಎರಡು ಇಮೇಲ್ ಇಟ್ಟುಕೊಂಡವರಿಗೆ ಇದೇ ಗೊಂದಲ.

3. ಪಂದ್ಯ ತೆರೆದು ಟ್ರಾನ್ಸ್‌ಫರ್ ಅಥವಾ ಸೆಂಡ್ ಗುಂಡಿ ಒತ್ತಿ. ಗುಂಡಿ ಮಸುಕಾಗಿದ್ದರೆ ಅಥವಾ ಕಾಣದಿದ್ದರೆ ಎರಡು ಕಾರಣ ಇರಬಹುದು: ಆ ಟಿಕೆಟ್‌ಗೆ ವರ್ಗಾವಣೆ ಇಲ್ಲ, ಅಥವಾ ಇನ್ನೂ ಶುರುವಾಗಿಲ್ಲ. ಪಂದ್ಯ ಹತ್ತಿರ ಬಂದ ಮೇಲಷ್ಟೇ ಟಿಕೆಟ್ ಬಿಡುಗಡೆ ಮಾಡುವ ಆಯೋಜಕರು ಬಹಳ ಜನ ಇದ್ದಾರೆ.

4. ಕೊಡಬೇಕಾದ ಸೀಟನ್ನು ಮಾತ್ರ ಆಯ್ಕೆ ಮಾಡಿ. ಸಾಲು, ಸೀಟ್ ನಂಬರ್ ಎರಡನ್ನೂ ಓದಿ ನೋಡಿ. ನೀವೂ ಹೋಗುತ್ತಿದ್ದರೆ ನಿಮ್ಮ ಸೀಟನ್ನೇ ಕಳಿಸಿಬಿಟ್ಟೀರಿ.

5. ಪಡೆಯುವವರ ಹೆಸರು, ಇಮೇಲ್ ಅಥವಾ ಫೋನ್ ತುಂಬಿ. ಫೋನ್ ನಂಬರ್‌ಗೆ ದೇಶದ ಕೋಡ್ ಸೇರಿಸಿ. ಕಳಿಸಿ.

6. ಅವರಿಗೆ ಸಂದೇಶ ಹೋಗುತ್ತದೆ. ಅವರು ಒಪ್ಪಿಕೊಳ್ಳಬೇಕು. ಈ ಹಂತ ಎಲ್ಲರೂ ಮರೆಯುವಂಥದ್ದು. ಒಪ್ಪಿಕೊಳ್ಳುವವರೆಗೆ ಟಿಕೆಟ್ ನಡುದಾರಿಯಲ್ಲಿ ಇರುತ್ತದೆ. ಗಡುವಿನ ಒಳಗೆ ಒಪ್ಪದಿದ್ದರೆ ಅದು ನಿಮಗೇ ವಾಪಸ್ ಬರುತ್ತದೆ, ಅಷ್ಟರಲ್ಲಿ ಮತ್ತೆ ಕಳಿಸುವ ಅವಧಿ ಮುಗಿದಿರಬಹುದು.

7. ನಿಮ್ಮ ಆ್ಯಪ್‌ನಲ್ಲಿ ಪೆಂಡಿಂಗ್ (ಇನ್ನೂ ಬಾಕಿ) ಎಂಬುದು ಹೋಗಿ ವರ್ಗಾವಣೆ ಪೂರ್ಣ ಎಂದು ಬಂತಾ ನೋಡಿ. ಅವರ ಆ್ಯಪ್‌ನಲ್ಲಿ ಅದೇ ಸೀಟ್ ನಂಬರ್ ಕಾಣುತ್ತಿದೆಯಾ ಕೇಳಿ. ಎರಡೂ ಸರಿ ಇದ್ದರೆ ಮಾತ್ರ ಕೆಲಸ ಮುಗಿದಿದೆ.

ಪೆಂಡಿಂಗ್ ಇರುವಾಗ ಸಾಮಾನ್ಯವಾಗಿ ರದ್ದು ಮಾಡಬಹುದು. ಅವರು ಒಪ್ಪಿಕೊಂಡ ಕ್ಷಣ ನಿಮ್ಮ ಹಳೆಯ ಬಾರ್‌ಕೋಡ್ ಸಾಯುತ್ತದೆ, ಅವರ ಖಾತೆಯಲ್ಲಿ ಹೊಸದು ಹುಟ್ಟುತ್ತದೆ. ಆಮೇಲೆ ಮನಸ್ಸು ಬದಲಾದರೆ ನೀವು ಎಳೆದುಕೊಳ್ಳಲು ಆಗದು, ಅವರೇ ನಿಮಗೆ ತಿರುಗಿ ಕಳಿಸಬೇಕು. ನೀವು ಟಿಕೆಟನ್ನು ಫೋನಿನ ವ್ಯಾಲೆಟ್‌ಗೆ ಸೇರಿಸಿದ್ದರೆ ಅಲ್ಲಿ ಹಳೆಯ ಪ್ರತಿ ಹಾಗೇ ಕಾಣುತ್ತಿರಬಹುದು. ಅದನ್ನು ನಂಬಬೇಡಿ, ತೆಗೆದುಹಾಕಿ.

ಹೊಸಬರ ಆ್ಯಪ್‌ನಲ್ಲಿ ಬಾರ್‌ಕೋಡ್ ತಕ್ಷಣ ಕಾಣದಿದ್ದರೆ ಗಾಬರಿ ಬೇಡ. ಎಷ್ಟೋ ಆಯೋಜಕರು ಪಂದ್ಯದ ಹಿಂದಿನ ದಿನ ಅಥವಾ ಕೆಲವು ಗಂಟೆ ಮೊದಲಷ್ಟೇ ಅದನ್ನು ತೋರಿಸುತ್ತಾರೆ. ಸೀಟ್ ನಂಬರ್ ಅವರ ಖಾತೆಯಲ್ಲಿದ್ದರೆ ಸಾಕು.

"ಅಷ್ಟೆಲ್ಲ ಯಾಕೆ, ನನ್ನ ಪಾಸ್‌ವರ್ಡೇ ಕೊಡ್ತೀನಿ, ನೀನೇ ಲಾಗಿನ್ ಆಗು" ಅನ್ನುವವರಿದ್ದಾರೆ. ಬೇಡ. ಅದೇ ಖಾತೆಯಲ್ಲಿ ನಿಮ್ಮ ಕಾರ್ಡ್, ವಿಳಾಸ, ಮುಂದಿನ ಪಂದ್ಯಗಳ ಟಿಕೆಟ್ ಎಲ್ಲ ಇರುತ್ತದೆ. ಜೊತೆಗೆ ಹೊಸ ಫೋನಿನಿಂದ ಲಾಗಿನ್ ಆದರೆ ಓಟಿಪಿ ನಿಮಗೆ ಬರುತ್ತದೆ. ಅವರು ಗೇಟಿನ ಮುಂದೆ ನಿಂತು ಫೋನ್ ಮಾಡಿದಾಗ ನೀವು ಎತ್ತದಿದ್ದರೆ ಅಲ್ಲಿಗೆ ಕಥೆ ಮುಗೀತು.

ಹೆಸರು ಅಚ್ಚಾಗಿದ್ದರೆ

ಇಲ್ಲಿ ವೇಗಕ್ಕಿಂತ ಅಕ್ಷರ ಮುಖ್ಯ. ಹೊಸಬರ ಹೆಸರನ್ನು ಅವರು ಗೇಟಿನಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿ ಇರುವಂತೆಯೇ ತುಂಬಿ. ಚೀಟಿಯಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದರೆ ಇಲ್ಲೂ ಬಿಡಿಸಿ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆ ಇದ್ದು ಅವರಿಗೆ ಮನೆತನದ ಹೆಸರೇ ಇಲ್ಲದಿದ್ದರೆ, ಏನು ತುಂಬಬೇಕೆಂದು ಸಹಾಯವಾಣಿಯನ್ನು ಕೇಳಿ ಉತ್ತರ ಉಳಿಸಿಕೊಳ್ಳಿ. ಬೇರೆ ದೇಶದ ಪಂದ್ಯವಾದರೆ ಪಾಸ್‌ಪೋರ್ಟ್‌ನಲ್ಲಿರುವುದೇ ಕೊನೆಯ ಮಾತು.

ಹುಟ್ಟಿದ ದಿನಾಂಕವೂ ಕೇಳಬಹುದು. ದಿನ ಮೊದಲೋ ತಿಂಗಳು ಮೊದಲೋ ನೋಡಿಕೊಂಡು ತುಂಬಿ.

ಟಿಕೆಟ್ ಜೊತೆ ಇನ್ನೊಂದು ಗುರುತು ಬೇಕಾದ ಪಂದ್ಯಾವಳಿಗಳೂ ಇವೆ. 2018ರ ರಷ್ಯಾ ಫುಟ್‌ಬಾಲ್ ವಿಶ್ವಕಪ್‌ಗೆ ಫ್ಯಾನ್ ಐಡಿ, 2022ರ ಕತಾರ್ ವಿಶ್ವಕಪ್‌ಗೆ ಹಯ್ಯಾ ಕಾರ್ಡ್ ಮಾಡಿಸಬೇಕಿತ್ತು. ಅಂಥ ಕಡೆ ಟಿಕೆಟ್‌ನ ಹೆಸರು ಬದಲಾದರಷ್ಟೇ ಸಾಲದು, ಹೊಸಬರು ಆ ಕಾರ್ಡ್‌ಗೂ ತಾವೇ ಅರ್ಜಿ ಹಾಕಬೇಕು. ಅದಕ್ಕೂ ಸಮಯ ಇಟ್ಟುಕೊಳ್ಳಿ.

ಹೆಸರು ಬದಲಾದ ಮೇಲೆ ಹೊಸ ಟಿಕೆಟ್ ಬರುತ್ತದೆ. ಹಳೆಯ ಪಿಡಿಎಫ್ ಇನ್ನು ಕೆಲಸಕ್ಕೆ ಬಾರದು. ಹಳೆಯದು ಹೊಸದು ಎರಡನ್ನೂ ಒಂದೇ ಚಾಟ್‌ನಲ್ಲಿ ಕಳಿಸಿ ಗೊಂದಲ ಮಾಡಬೇಡಿ, ಹೊಸದು ಮಾತ್ರ ಕಳಿಸಿ.

ಗುಂಡಿಯೇ ಇಲ್ಲದಿದ್ದರೆ: ಒಂದು ಪತ್ರ

ಷರತ್ತಿನಲ್ಲಿ "ಆಗುವುದೇ ಇಲ್ಲ" ಎಂದು ಬರೆದಿಲ್ಲ, ಆದರೆ ಆ್ಯಪ್‌ನಲ್ಲಿ ದಾರಿಯೂ ಕಾಣುತ್ತಿಲ್ಲ. ಆಗ ಬರೆದು ಕೇಳಿ. ಫೋನ್ ಮಾಡುವುದಕ್ಕಿಂತ ಬರೆಯುವುದು ಮೇಲು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಒಪ್ಪಿದರೆ ಅದೇ ನಿಮಗೆ ದಾಖಲೆ. ಟಿಕೆಟ್ ಕೊಂಡ ಇಮೇಲ್‌ನಿಂದಲೇ ಬರೆಯಿರಿ. ಅವರ ಭಾಷೆಯಲ್ಲಿ ಬರೆಯಿರಿ. ವಿಷಯ ಇಷ್ಟಿದ್ದರೆ ಸಾಕು:

"ಆರ್ಡರ್ ನಂಬರ್ (ನಂಬರ್), (ದಿನಾಂಕ)ದ ಪಂದ್ಯ, ವಿಭಾಗ (ಹೆಸರು), ಸಾಲು (ನಂಬರ್), ಸೀಟು (ನಂಬರ್). ಈ ಟಿಕೆಟ್ ನನ್ನ ಹೆಸರಿನಲ್ಲಿದೆ. ಆರೋಗ್ಯದ ಕಾರಣ ನನಗೆ ಬರಲು ಆಗುವುದಿಲ್ಲ. ಇದನ್ನು (ಹೊಸಬರ ಪೂರ್ತಿ ಹೆಸರು, ಇಮೇಲ್) ಅವರ ಹೆಸರಿಗೆ ಬದಲಿಸಿಕೊಡಲು ಕೋರುತ್ತೇನೆ. ನಾನು ಅವರಿಂದ ಟಿಕೆಟ್ ಬೆಲೆಗಿಂತ ಹೆಚ್ಚು ಹಣ ಪಡೆಯುತ್ತಿಲ್ಲ. ಬದಲಿಸಲು ಆಗದಿದ್ದರೆ ವಾಪಸಾತಿ ಅಥವಾ ಅಧಿಕೃತ ಮರುಮಾರಾಟದ ದಾರಿ ಇದೆಯೇ ತಿಳಿಸಿ."

ಕಾರಣ ನಿಜವಾದದ್ದೇ ಬರೆಯಿರಿ, ಒಂದು ಸಾಲು ಸಾಕು. ಗುರುತಿನ ಚೀಟಿ ಕೇಳಿದರೆ ಮಾತ್ರ ಕಳಿಸಿ, ಅದೂ ಆಯೋಜಕರ ಅಧಿಕೃತ ವಿಳಾಸಕ್ಕೆ. ನಂಬರಿನ ಕೆಲವು ಅಂಕಿ ಮುಚ್ಚಿ ಕಳಿಸಬಹುದೇ ಎಂದು ಕೇಳಲು ಸಂಕೋಚ ಬೇಡ. ಎಕ್ಸ್‌ನಲ್ಲೋ ಫೇಸ್‌ಬುಕ್‌ನಲ್ಲೋ ಆರ್ಡರ್ ನಂಬರ್ ಸಮೇತ ದೂರು ಹಾಕಬೇಡಿ. ಸಹಾಯವಾಣಿಯವರ ವೇಷದಲ್ಲಿ ಮೆಸೇಜ್ ಮಾಡುವ ಮೋಸಗಾರರು ಅದನ್ನೇ ಕಾಯುತ್ತಿರುತ್ತಾರೆ.

ಕೊಡಲಾಗದ ಟಿಕೆಟ್, ಮತ್ತು ಕಾನೂನಿನ ಗೆರೆ

ಹೆಸರು ಬದಲಿಸಲು ಬಿಡದ ಆಯೋಜಕರು ಸಾಮಾನ್ಯವಾಗಿ ಬೇರೊಂದು ಬಾಗಿಲು ಇಟ್ಟಿರುತ್ತಾರೆ. ಒಂದೋ ವಾಪಸ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ತಮ್ಮದೇ ಮರುಮಾರಾಟ ವೇದಿಕೆಯಲ್ಲಿ ಇಡಲು ಬಿಡುತ್ತಾರೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ವಿಶ್ವಕಪ್‌ಗಳಿಗೆ ಇಂಥ ಅಧಿಕೃತ ವೇದಿಕೆ ನಡೆಸಿದೆ. ತೊಂದರೆ ಏನೆಂದರೆ, ಅಲ್ಲಿ ಇಟ್ಟ ಟಿಕೆಟ್ ಯಾರಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಗೆಳೆಯನಿಗೇ ಸಿಗಲಿ ಅಂತ ಒಂದೇ ನಿಮಿಷದಲ್ಲಿ ಇಟ್ಟು ತೆಗೆಯುವ ಆಟ ಆಡುವವರಿದ್ದಾರೆ. ಬೇಡಿಕೆ ಇರುವ ಪಂದ್ಯದಲ್ಲಿ ಅದು ಅಪರಿಚಿತರ ಪಾಲಾಗುವುದೇ ಜಾಸ್ತಿ.

ಇನ್ನು ಕಾನೂನು. ಸುಮ್ಮನೆ ಕೊಡುವುದು, ಕೊಂಡ ಬೆಲೆಗೆ ಕೊಡುವುದು, ಲಾಭಕ್ಕೆ ಮಾರುವುದು ಮೂರೂ ಬೇರೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಅಪರಾಧ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ, ನಿಗದಿತ ಫುಟ್‌ಬಾಲ್ ಪಂದ್ಯಗಳ ಟಿಕೆಟನ್ನು ಅನುಮತಿ ಇಲ್ಲದೆ ಮಾರುವುದೇ ಅಪರಾಧ. ಅಲ್ಲಿ ಲಾಭ ಬಂತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಜಪಾನಿನಲ್ಲಿ 2019ರ ಜೂನ್‌ನಿಂದ ಜಾರಿಯಲ್ಲಿರುವ ಕಾಯ್ದೆ, ನಿಗದಿತ ಟಿಕೆಟ್‌ಗಳನ್ನು ಹೆಚ್ಚಿನ ಬೆಲೆಗೆ ಮಾರುವ ದಂಧೆಯನ್ನು ತಡೆಯುತ್ತದೆ. ಐರ್ಲೆಂಡ್ 2021ರಲ್ಲಿ ಮುಖಬೆಲೆಗಿಂತ ಜಾಸ್ತಿಗೆ ಮಾರುವುದರ ವಿರುದ್ಧ ಕಾಯ್ದೆ ಮಾಡಿತು. ಹಣ ತೆಗೆದುಕೊಳ್ಳುವ ಯೋಚನೆ ಇದ್ದರೆ ಪಂದ್ಯ ನಡೆಯುವ ಊರಿನ ಕಾನೂನು ನೋಡಿ. ನೀವು ಎಲ್ಲಿ ಕೂತು ಮಾರುತ್ತಿದ್ದೀರಿ ಎಂಬುದೊಂದೇ ಲೆಕ್ಕಕ್ಕೆ ಬರುವುದಿಲ್ಲ.

ಸೀಸನ್ ಟಿಕೆಟ್ ಇದ್ದವರಿಗೆ

ವರ್ಷಪೂರ್ತಿ ಸೀಟು ಇಟ್ಟುಕೊಂಡವರು ಒಂದು ಪಂದ್ಯಕ್ಕೆ ಮಾತ್ರ ಬೇರೆಯವರನ್ನು ಕಳಿಸಬಹುದು. ಕ್ಲಬ್‌ನ ಖಾತೆಯಲ್ಲಿ ಆ ಪಂದ್ಯವನ್ನು ಆರಿಸಿ ಫಾರ್ವರ್ಡ್ ಮಾಡಿದರೆ ಆಯಿತು. ಪಡೆಯುವವರು ಸದಸ್ಯರೇ ಆಗಿರಬೇಕು, ಒಂದು ಸೀಸನ್‌ಗೆ ಇಷ್ಟೇ ಸಲ ಎಂಬ ಮಿತಿ ಇರಬಹುದು.

ಇಲ್ಲಿ ಜನ ಯೋಚಿಸದೇ ಬಿಡುವ ವಿಷಯ ಬೇರೆ. ಸೀಟು ನಿಮ್ಮ ಹೆಸರಿನಲ್ಲಿದೆ. ನಿಮ್ಮ ಬದಲು ಹೋದವರು ಅಲ್ಲಿ ಗಲಾಟೆ ಮಾಡಿದರೆ, ಪಟಾಕಿ ಹಚ್ಚಿದರೆ, ಮೈದಾನಕ್ಕೆ ನುಗ್ಗಿದರೆ ಕ್ಲಬ್ ಮೊದಲು ಹುಡುಕುವುದು ನಿಮ್ಮ ಖಾತೆಯನ್ನು. ಎದುರಾಳಿ ತಂಡದ ಅಭಿಮಾನಿಯನ್ನು ನಿಮ್ಮ ತಂಡದವರ ಸಾಲಿನಲ್ಲಿ ಕೂರಿಸಿದರೂ ಟಿಕೆಟ್ ರದ್ದಾಗಬಹುದು. ವರ್ಷಗಟ್ಟಲೆ ಕಾದು ಪಡೆದ ಸೀಟನ್ನು ಪರಿಚಯವಿಲ್ಲದವರಿಗೆ ಕೊಡುವುದಕ್ಕಿಂತ ಖಾಲಿ ಬಿಡುವುದೇ ವಾಸಿ ಅನ್ನುವವನು ನಾನು.

ಓಟದ ಬಿಬ್

ಮ್ಯಾರಥಾನ್ ನೋಂದಣಿಯನ್ನು ಟಿಕೆಟ್ ಥರ ನೋಡಬೇಡಿ. ಬಿಬ್ ನಂಬರಿನ ಹಿಂದೆ ಒಬ್ಬ ಓಟಗಾರನ ವಯಸ್ಸು, ಲಿಂಗ, ತುರ್ತು ಸಂಪರ್ಕ, ಆರೋಗ್ಯದ ಮಾಹಿತಿ ಇರುತ್ತದೆ. ಸಮಯ ಅಳೆಯುವ ಚಿಪ್ ಕೂಡ ಅದೇ ಹೆಸರಿಗೆ ಸೇರಿರುತ್ತದೆ. ನಿಮ್ಮ ಬಿಬ್ ಹಾಕಿಕೊಂಡು ಗೆಳೆಯ ಓಡುತ್ತಾನೆ, ದಾರಿಯಲ್ಲಿ ಕುಸಿದು ಬೀಳುತ್ತಾನೆ ಅಂದುಕೊಳ್ಳಿ. ವೈದ್ಯರು ನೋಡುವುದು ನಿಮ್ಮ ಮಾಹಿತಿ, ಅವರು ಫೋನ್ ಮಾಡುವುದು ನಿಮ್ಮ ಮನೆಗೆ. ಅಷ್ಟು ದೂರ ಹೋಗದಿದ್ದರೂ, ಇಪ್ಪತ್ತೈದರ ಹುಡುಗ ಐವತ್ತೈದರ ವಿಭಾಗದಲ್ಲಿ ಗೆದ್ದು ನಿಜವಾದ ವಿಜೇತರ ಪದಕ ತಪ್ಪಿಸುತ್ತಾನೆ.

ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಿಬ್ ಬೇರೆಯವರಿಗೆ ಕೊಡುವಂತೆಯೇ ಇಲ್ಲ. ಅಲ್ಲಿ ಹೆಚ್ಚಿನವರು ಅರ್ಹತಾ ಸಮಯ ಓಡಿ ಜಾಗ ಪಡೆದವರು, ಆ ಅರ್ಹತೆಯನ್ನು ದಾನ ಮಾಡಲು ಬರುವುದಿಲ್ಲ. ಚಿಕ್ಕ ಓಟಗಳಲ್ಲಿ ಅಷ್ಟು ಬಿಗಿ ಇರುವುದಿಲ್ಲ. ಎಷ್ಟೋ ಆಯೋಜಕರು ಓಟಕ್ಕೆ ಕೆಲವು ವಾರ ಮುಂಚೆ ವರ್ಗಾವಣೆ ಕಿಟಕಿ ತೆರೆಯುತ್ತಾರೆ. ನೀವು ನೋಂದಣಿ ಪುಟದಿಂದ ಲಿಂಕ್ ಕಳಿಸುತ್ತೀರಿ, ಹೊಸಬರು ತಮ್ಮದೇ ಅರ್ಜಿ ತುಂಬಿ ಜವಾಬ್ದಾರಿ ಪತ್ರಕ್ಕೆ (ಓಟದ ಅಪಾಯಕ್ಕೆ ತಾವೇ ಹೊಣೆ ಎಂಬ ಪತ್ರ) ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆ ಅವರೇ ಕೊಡಬೇಕು, ಅವರ ಪರವಾಗಿ ನೀವು ಟಿಕ್ ಹಾಕಬೇಡಿ. ಟಿ ಶರ್ಟ್ ಅಳತೆ, ಓಟದ ದೂರ, ಶುರುವಾಗುವ ಗುಂಪು ಬದಲಾಗುತ್ತಾ ಅಂತಲೂ ನೋಡಿಸಿ. ನಿಧಾನ ಓಡುವವರು ವೇಗದ ಗುಂಪಿನಲ್ಲಿ ನಿಂತರೆ ಹಿಂದಿನವರಿಗೆಲ್ಲ ಕಷ್ಟ.

ಇನ್ನೊಂದು ಗೊಂದಲ ಇದೆ. ಬಿಬ್ ಕಿಟ್ಟನ್ನು ನಿಮ್ಮ ಪರವಾಗಿ ಬೇರೆಯವರು ತರಲು ಬಿಡುವುದು ಒಂದು, ನಿಮ್ಮ ಬದಲು ಓಡಲು ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಅಧಿಕಾರ ಪತ್ರ ಸಾಕಾಗಬಹುದು. ಎರಡನೆಯದಕ್ಕೆ ಅದು ಸಾಲದು.

ಹಣದ ಮಾತು ಮೊದಲೇ ಆಡಿ

ಟಿಕೆಟ್ ಹೆಸರು ಬದಲಾದರೂ ಪಾವತಿಯ ದಾಖಲೆ ಬದಲಾಗುವುದಿಲ್ಲ. ಪಂದ್ಯ ರದ್ದಾದರೆ ಹಣ ಸಾಮಾನ್ಯವಾಗಿ ಮೊದಲು ಕೊಟ್ಟ ಕಾರ್ಡ್‌ಗೇ, ಅಂದರೆ ನಿಮಗೇ ಬರುತ್ತದೆ. ಗೆಳೆಯ ನಿಮಗೆ ಆಗಲೇ ಹಣ ಕೊಟ್ಟಿದ್ದರೆ ಅದನ್ನು ಅವನಿಗೆ ಮುಟ್ಟಿಸಬೇಕು. ಪಂದ್ಯ ಮುಂದೂಡಿದರೆ ಹೊಸ ದಿನಕ್ಕೆ ಯಾರು ಹೋಗುವುದು, ಅವನಿಗೂ ಆಗದಿದ್ದರೆ ಯಾರಿಗೆ ನಷ್ಟ? ಎರಡು ಸಾಲು ಮೆಸೇಜ್‌ನಲ್ಲಿ ಬರೆದುಕೊಂಡರೆ ಸ್ನೇಹವೂ ಉಳಿಯುತ್ತದೆ.

ನೀವು ಟಿಕೆಟ್ ಪಡೆಯುವ ಕಡೆ ಇದ್ದರೆ, ಎದುರಿನವರು ಗೊತ್ತಿಲ್ಲದವರಾದರೆ, ಸ್ಕ್ರೀನ್‌ಶಾಟ್ ನೋಡಿ ಹಣ ಕೊಡಬೇಡಿ. ವರ್ಗಾವಣೆ ನಿಮ್ಮ ಖಾತೆಗೆ ಬಂದಿರಬೇಕು. ಆಗಲೂ ಪೂರ್ತಿ ನಿಶ್ಚಿಂತೆ ಇಲ್ಲ. ಮೂಲ ಖರೀದಿದಾರರು ಆಮೇಲೆ ಬ್ಯಾಂಕಿನಲ್ಲಿ ಪಾವತಿಗೆ ತಕರಾರು ಹಾಕಿದರೆ ಆಯೋಜಕರು ಆ ಟಿಕೆಟ್ ರದ್ದು ಮಾಡಬಹುದು, ಅದು ಈಗ ಯಾರ ಹೆಸರಿನಲ್ಲಿದ್ದರೂ ಸರಿ. ಅದಕ್ಕೇ ಅಪರಿಚಿತರಿಂದ ಕೊಳ್ಳುವುದಾದರೆ ಅಧಿಕೃತ ಮರುಮಾರಾಟವೇ ಸರಿ. ವರ್ಗಾವಣೆ ಲಿಂಕ್ ಎಂದು ಬಂದದ್ದನ್ನು ಒತ್ತುವ ಬದಲು ಆ್ಯಪ್ ತೆರೆದು ಅಲ್ಲೇ ನೋಡಿ. ನಿಜವಾದ ವರ್ಗಾವಣೆ ಆ್ಯಪ್ ಒಳಗೂ ಕಾಣುತ್ತದೆ.

ಪಂದ್ಯದ ದಿನ

ಹೊಸಬರು ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿರುವಾಗಲೇ ಆ್ಯಪ್‌ಗೆ ಲಾಗಿನ್ ಆಗಿ, ಅವಕಾಶ ಇದ್ದರೆ ಟಿಕೆಟನ್ನು ವ್ಯಾಲೆಟ್‌ಗೆ ಸೇರಿಸಿಕೊಳ್ಳಲಿ. ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ಫೋನ್ ಪೂರ್ತಿ ಚಾರ್ಜ್ ಇರಲಿ. ಬ್ಲೂಟೂತ್ ಟಿಕೆಟ್ ಆದರೆ ಬ್ಲೂಟೂತ್ ಆನ್ ಇರಲಿ. ಗುರುತಿನ ಚೀಟಿ ಮೂಲ ಪ್ರತಿಯೇ ಬೇಕಾ, ಫೋಟೋ ಸಾಕಾ ಎಂದು ಮೊದಲೇ ಓದಿಕೊಂಡಿರಲಿ.

ಗೇಟಿನಲ್ಲಿ ಕೆಂಪು ದೀಪ ಬಂದರೆ ಅಲ್ಲೇ ವಾದ ಮಾಡುತ್ತ ನಿಲ್ಲುವುದು ದಂಡ. ಗೇಟಿನ ಸಿಬ್ಬಂದಿಗೆ ಹೆಸರು ಬದಲಿಸುವ ಅಧಿಕಾರ ಇರುವುದಿಲ್ಲ. ಟಿಕೆಟ್ ಸಮಸ್ಯೆ ನೋಡುವ ಕೌಂಟರ್ ಎಲ್ಲಿದೆ ಕೇಳಿ ಅಲ್ಲಿಗೆ ಹೋಗಲಿ. ವರ್ಗಾವಣೆ ಪೂರ್ಣವಾದ ಮೇಲ್, ಆರ್ಡರ್ ನಂಬರ್, ಗುರುತಿನ ಚೀಟಿ ಮೂರನ್ನೂ ಒಟ್ಟಿಗೆ ತೋರಿಸಲಿ. ಅಲ್ಲಿನವರು ಕಂಪ್ಯೂಟರಿನಲ್ಲಿ ಸೀಟು ಯಾರ ಹೆಸರಿನಲ್ಲಿದೆ ಎಂದು ನೋಡುತ್ತಾರೆ. ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದರೆ ನಿಮಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಬಹುದು, ಅಥವಾ ನಿಮ್ಮ ಆ್ಯಪ್‌ನಿಂದ ಅಲ್ಲೇ ವರ್ಗಾಯಿಸಲು ಹೇಳಬಹುದು. ಹಾಗಾಗಿ ಪಂದ್ಯ ಶುರುವಾಗಿ ಅವರು ಸೀಟಿನಲ್ಲಿ ಕೂತೆ ಅಂತ ಹೇಳುವವರೆಗೆ ನಿಮ್ಮ ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ.